ಪೆನ್ಸಿಲ್ ಮುಟ್ಟಿಸದ ಮುಖ

ನಿಮ್ಮ ಫೋನಿನಲ್ಲಿರುವ ನಿಮ್ಮ ಫೋಟೋ ನಿಮ್ಮದೇ ಏನು? ಎದೆ ಮುಟ್ಟಿಕೊಂಡು ಹೇಳಿ ನೋಡೋಣ. ನಿಮ್ಮ ಕೆನ್ನೆ ಅಷ್ಟು ನುಣುಪಾಗಿದ್ದದ್ದು ಯಾವಾಗ? ತೊಟ್ಟಿಲಲ್ಲಿ ಇದ್ದಾಗಲೇ?

ಹೋದ ವಾರ ಮೊಮ್ಮಗಳು ನನ್ನನ್ನು ಅಂಗಳದಲ್ಲಿ ಕೂರಿಸಿ ಒಂದು ಫೋಟೋ ತೆಗೆದಳು. ನೋಡಿದರೆ ಯಾರೋ ಒಬ್ಬ ಮುದುಕಿ, ಬೆಣ್ಣೆ ಸವರಿದಂಥ ಮುಖದವಳು, ನನ್ನ ಸೀರೆ ಉಟ್ಟುಕೊಂಡು ಕೂತಿದ್ದಾಳೆ.

"ಯಾರಬೇ ಇಕಿ? ನನ್ನ ಸೀರಿ ಯಾಕ ಉಟ್ಟಾಳ?" ಎಂದೆ.

"ನೀನ ಅಜ್ಜಿ! ಫೋನ ತಾನ ಮಾರಿ ಮ್ಯಾಲಿನ ಕಲಿ ಎಲ್ಲಾ ತಗದು ಚಂದ ಮಾಡತೈತಿ" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಇಂಥದೇ ಕೆಲಸ ಮಾಡುತ್ತಿದ್ದ ಒಂದು ಪೆನ್ಸಿಲ್ಲಿನ ಜೊತೆ ನಾನು ವಯಸ್ಸಿನಲ್ಲಿ ಜಗಳ ಮಾಡಿದ್ದೆ. ಫೋನಿನಲ್ಲಿ ಅಕ್ಷರ ಒತ್ತುವುದನ್ನು ಮೊನ್ನೆ ಮೊನ್ನೆ ಇದೇ ಮೊಮ್ಮಗಳು ಕಲಿಸಿದಳು. ಕಲಿತದ್ದನ್ನು ಅವಳ ಫೋನಿನ ಮೇಲೆ ದೂರು ಬರೆಯಲಿಕ್ಕೇ ಬಳಸುತ್ತಿದ್ದೇನೆ.

ಪೊಲೀಸ್ ಆಕ್ಷನ್ ಆಗಿ ನಾಲ್ಕೈದು ವರ್ಷ ಆಗಿತ್ತು. ನಿಜಾಮರ ಆಳ್ವಿಕೆ ಹೋಗಿದ್ದರೂ ನಾವಿನ್ನೂ ಹೈದರಾಬಾದ್ ರಾಜ್ಯದವರೇ. ಸಿಂಧನೂರು ಸೀಮೆಯಲ್ಲಿ ಕಾಲುವೆ ಅಗೆಯುತ್ತಿದ್ದರು. ಯಾರ ಬಾಯಲ್ಲಿ ನೋಡಿದರೂ ನೀರು ಬರುವ ಮಾತು. ನಮ್ಮೂರು ಸಾಲಗುಂದ. ಆ ಬೇಸಿಗೆ ಅವ್ವ ನನ್ನನ್ನು ಲಿಂಗಸುಗೂರಿನ ಸೋದರಮಾವನ ಮನೆಗೆ ಕಳಿಸಿದಳು. ಅತ್ತೆ ಹಡೆದಿದ್ದಳು, ಅವಳಿಗೆ ತವರಿರಲಿಲ್ಲ, ಬಾಣಂತನಕ್ಕೆ ಆಸರೆಯಾಗಲಿ ಎಂದು ಅವ್ವ ಊರಿಗೆಲ್ಲ ಹೇಳಿದ್ದಳು. ಒಳಗಿನ ಮಾತು ಬೇರೆ. ಮಾವ ಫೋಟೋ ತೆಗೆಯುವವನು. ನನ್ನದೊಂದು ಫೋಟೋ ಬೇಕಾಗಿತ್ತು. ಮಸ್ಕಿಯ ಕಿರಾಣಿ ಅಂಗಡಿಯವರು ತಮ್ಮ ಮಗನಿಗೆ ಹೆಣ್ಣು ಹುಡುಕುತ್ತಿದ್ದರು. ಮೊದಲು ಹುಡುಗಿಯ ಫೋಟೋ ಕಳಿಸಿ, ಆಮೇಲೆ ಮಾತು ಎಂದಿದ್ದರು.

ನನಗೂ ನನ್ನ ಅಕ್ಕ ಗೌರಿಗೂ ಚಿಕ್ಕವರಿದ್ದಾಗ ಒಟ್ಟಿಗೇ ಸಿಡುಬು ಎದ್ದಿತ್ತು. ಜೀವ ಉಳಿಯಿತು, ಕಲೆಯೂ ಉಳಿಯಿತು. ನನ್ನ ಓರಗೆಯವರೆಲ್ಲ ಕೂಸು ಎತ್ತಿಕೊಂಡು ತವರಿಗೆ ಬರುತ್ತಿದ್ದರು. ನನ್ನನ್ನು ನೋಡಲು ಬಂದವರು ಅವಲಕ್ಕಿ ತಿಂದು ಹೋಗುತ್ತಿದ್ದರು, ತಿರುಗಿ ಸುದ್ದಿ ಹೇಳುತ್ತಿರಲಿಲ್ಲ.

ಮಾವನ ಸ್ಟುಡಿಯೋ ಎಂದರೆ ಮನೆಯ ಪಡಸಾಲೆ. ಜನ ಅದನ್ನು ತಸ್ವೀರಿನ ಮನೆ ಎನ್ನುತ್ತಿದ್ದರು. ಮಾಳಿಗೆಯ ಒಂದು ಕಡೆ ಮಣ್ಣು ತೆಗೆದು ಗಾಜು ಕೂರಿಸಿ ಅದರ ಕೆಳಗೆ ಬಿಳಿ ಬಟ್ಟೆ ಕಟ್ಟಿದ್ದ. ಮೂರು ಕಾಲಿನ ಮೇಲೆ ಮರದ ಪೆಟ್ಟಿಗೆ, ಅದಕ್ಕೆ ಕರಿಬಟ್ಟೆಯ ಮುಸುಕು. ವಿದ್ಯುತ್ತು ಇರಲಿಲ್ಲ, ಎಲ್ಲ ಸೂರ್ಯನದೇ ಕಾರುಬಾರು. ಒಳಗೆ ಕಿಟಕಿ ಇಲ್ಲದ ಕೋಣೆಯಲ್ಲಿ ಕೆಂಪು ಗಾಜಿನ ಕಂದೀಲು. ಅಲ್ಲಿ ಗಾಜಿನ ಪ್ಲೇಟನ್ನು ಔಷಧದಲ್ಲಿ ಅದ್ದಿ ಮುಖ ಬರಿಸುತ್ತಿದ್ದ.

ಆ ಕೋಣೆಗೆ ನಾನು ಹೊಕ್ಕದ್ದು ನೀರಿನ ಕೊಡ ಹೊತ್ತು. ಪ್ಲೇಟು ತೊಳೆಯಲು ತಣ್ಣೀರು ಬೇಕು. ಲಿಂಗಸುಗೂರಿನ ಬೇಸಿಗೆಯಲ್ಲಿ ನೀರು ಸ್ವಲ್ಪ ಬೆಚ್ಚಗಾದರೂ ಪ್ಲೇಟಿನ ಮೇಲೆ ಬಳಿದ ಮಸಾಲೆಯ ಪದರ ಹಾಲಿನ ಕೆನೆಯಂತೆ ಜಾರಿಬಿಡುತ್ತಿತ್ತು. ಜೊತೆಗೆ ಯಾರದೋ ಮೂಗು, ಯಾರದೋ ಮೀಸೆ. ನಾನು ನಸುಕಿನಲ್ಲೇ ಬಾವಿಯಿಂದ ನೀರು ತಂದು ಮಣ್ಣಿನ ಗಡಿಗೆಗೆ ತುಂಬಿ, ಒದ್ದೆ ಗೋಣಿ ಸುತ್ತಿ ಇಡುತ್ತಿದ್ದೆ. ನೀರು ತಂದವಳು ಅಲ್ಲೇ ನಿಂತು ನೋಡಿದೆ. ನೋಡುತ್ತ ನಿಂತವಳು ಪ್ರಶ್ನೆ ಕೇಳಿದೆ. ಮಾವ ಮೊದಲು ಬೈದ, ಆಮೇಲೆ ಉತ್ತರ ಹೇಳತೊಡಗಿದ.

"ಸಂಗಿ, ಕೊಡದ ಬಾಯಿ ದೊಡ್ಡದಿದ್ರ ಜಲ್ದಿ ತುಂಬತೈತಿ. ಸಣ್ಣದಿದ್ರ ಹೊತ್ತು ಹಿಡೀತೈತಿ. ಕ್ಯಾಮೆರಾದ ಕಣ್ಣೂ ಹಂಗ. ಬೆಳಕು ತುಂಬಿ ಚೆಲ್ಲಿದ್ರ ಫೋಟೋ ಸುಣ್ಣ, ತುಂಬದಿದ್ರ ಮಸಿ. ಇಷ್ಟ ನೋಡು ಈ ವಿದ್ಯಾ."

"ತುಂಬ್ತು ಅಂತ ಹೆಂಗ ಗೊತ್ತಾಗತೈತಿ ಮಾವ?"

"ಶಿವ ಹೇಳ್ತಾನ" ಎಂದ.

ತಮಾಷೆಯಲ್ಲ. ಆ ಕ್ಯಾಮೆರಾಕ್ಕೆ ಗುಂಡಿ ಇರಲಿಲ್ಲ. ಕಣ್ಣಿನ ಮೇಲಿನ ಮುಚ್ಚಳ ತೆಗೆದು, ಬಾಯಲ್ಲಿ 'ನಮಃ ಶಿವಾಯ' ಎಣಿಸಿ, ಮತ್ತೆ ಮುಚ್ಚಬೇಕು. ಒಳ್ಳೆ ಬಿಸಿಲಿಗೆ ಒಂದು, ಮೋಡಕ್ಕೆ ಮೂರು, ಸಂಜೆಗೆ ಐದಾರು. ಆಗೀಗ ಮಾವ ಒಂದು ಪ್ಲೇಟು ನನ್ನ ಕೈಗೂ ಕೊಡುತ್ತಿದ್ದ; ನಾನೂ ಹಾಗೆಯೇ ಎಣಿಸಿದರೆ ನನ್ನ ಫೋಟೋ ಸುಣ್ಣವಾಗುತ್ತಿತ್ತು. ಯಾಕೆಂದು ಬಹಳ ದಿನ ತಿಳಿಯಲಿಲ್ಲ. ಒಂದು ಮುಂಜಾನೆ ಮಾವನ ಪೂಜೆ ಕೇಳುತ್ತ ಹೊಳೆಯಿತು: ಅವನು ಮಂತ್ರವನ್ನು ಬಸ್ಸು ತಪ್ಪಿಹೋಗುವವನಂತೆ ಓಡಿಸುತ್ತಾನೆ, ನಾನು ಅವ್ವನಿಂದ ಕಲಿತವಳು, ಎಳೆದು ಹೇಳುತ್ತೇನೆ. ಅವನ ಮೂರು ನನ್ನ ಎರಡಕ್ಕೆ ಸಮ. ಅಂದಿನಿಂದ ನನ್ನ ಪ್ಲೇಟುಗಳು ನೆಟ್ಟಗಾದವು.

ಜವಳಗೇರಾದ ಒಬ್ಬ ಗೌಡರು ಮಾವನಿಗೆ ಹೇಳಿ ಕಳಿಸಿದರು. ಕಾಲುವೆ ನೀರು ಹರಿದ ಮೇಲೆ ತಮ್ಮ ಹೊಲ ಗದ್ದೆಯಾಗುತ್ತದೆ, ಅದಕ್ಕೆ ಮುಂಚೆ ಅಪ್ಪ ಅಜ್ಜ ಉತ್ತ ಎರೆ ಹೊಲ ಹೇಗಿತ್ತೆಂದು ಒಂದು ಫೋಟೋ ಇರಲಿ ಎಂಬ ಆಸೆ. ಪ್ಲೇಟಿನ ಪೆಟ್ಟಿಗೆ ಹೊರಲು ನಾನೂ ಹೋದೆ. ಊಟ ಮುಗಿಸಿ ಗೌಡರು ಅವಸರ ಮಾಡಿದರು. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಮಾವ ಒಂದು ಪ್ಲೇಟು ತೆಗೆದ. ನಾನು ಕರಿಬಟ್ಟೆಯೊಳಗೆ ಇಣುಕಿದ್ದೆ. ಹೊಲ ನಾದಿಟ್ಟ ಹಿಟ್ಟಿನಂತೆ ಚಪ್ಪಟೆಯಾಗಿ ಕಂಡಿತು. ಕಾಲಿಟ್ಟರೆ ಪಾದ ಸಿಕ್ಕಿಕೊಳ್ಳುವಂಥ ಬಿರುಕುಗಳಿದ್ದವು, ಪೆಟ್ಟಿಗೆಯಲ್ಲಿ ಅವು ಗೆರೆಯೂ ಅಲ್ಲ.

ಸಂಜೆ ಬಸ್ಸಿಗೆ ಹೊರಟಾಗ ಬಿಸಿಲು ಓರೆಯಾಗಿ ಬಿದ್ದಿತ್ತು. ತಿರುಗಿ ನೋಡಿದರೆ ಹೊಲವೇ ಬೇರೆ. ಒಂದೊಂದು ಬಿರುಕಿಗೂ ಒಂದು ದಡ ಬೆಳಕು, ಒಂದು ದಡ ನೆರಳು. ಜೋಳದ ಕೂಳೆ, ಎತ್ತಿನ ಗೊರಸಿನ ಗುರುತು, ಹೆಂಟೆಯ ಉರುಟು, ಎಲ್ಲ ಎದ್ದು ನಿಂತಿದ್ದವು.

"ಮಾವ, ನನಗೊಂದು ಪ್ಲೇಟು ಕೊಡು."

"ಹಾಳಾದ್ರ?"

"ಹಾಳಾದ್ರ ನಾಳಿಂದ ಎರಡು ಕೊಡ ಹೆಚ್ಚಿಗಿ ತರತೀನಿ."

"ಬಸ್ಸು ಹೋದ್ರ?"

"ನಡಕೊಂತ ಹೋಗೂಣು."

ಬಸ್ಸು ಹೋಯಿತು. ನಡೆಯಲಿಲ್ಲ, ಗೌಡರ ಮನೆಯಲ್ಲೇ ಉಳಿದೆವು. ಆದರೆ ಪ್ಲೇಟು ಬಂತು. ಎರಡೂ ಫೋಟೋ ಕೈಗೆ ಬಂದಾಗ ಗೌಡರು ಮಧ್ಯಾಹ್ನದ್ದನ್ನು ಪಕ್ಕಕ್ಕೆ ಸರಿಸಿ, ನನ್ನದರ ಮೇಲೆ ಬೆರಳಾಡಿಸಿದರು. ಕಾಗದ ತಮ್ಮ ಬೆರಳಿಗೆ ಒರಟಾಗಿ ಹತ್ತೀತೇ ಎಂದು ನೋಡಿದ ಹಾಗಿತ್ತು.

"ಇದು ನನ್ನ ಹೊಲ" ಎಂದರು. "ಅದು ಯಾರದೋ."

ಮಳೆಗಾಲ ಹತ್ತಿರ ಬಂದಾಗ ಅವ್ವ ನನ್ನ ಫೋಟೋ ತೆಗೆಸಲೆಂದೇ ಸಾಲಗುಂದದಿಂದ ಬಂದಳು. ಇಳಕಲ್ಲಿನ ಕೆಂಪು ಸೀರೆ ತಂದಿದ್ದಳು. ಅರಿಶಿನದ ಕೊಂಬು ತಾನೇ ತೇಯ್ದು ನನ್ನ ಮುಖ, ಕೊರಳು, ಕೈಗೆಲ್ಲ ಮೆತ್ತಿದಳು. ಮಾವ ನೋಡಿದವನೇ ತಲೆ ಚಚ್ಚಿಕೊಂಡ.

"ಅರಿಷಿಣ ತೊಳಿ ತಂಗಿ, ಕಪ್ಪು ಬರತೈತಿ."

"ಕನ್ಯಾದ ಫೋಟೋಕ್ಕ ಅರಿಷಿಣ ಇಲ್ಲದ ಮಾರಿ ಕೂಡಸ್ಲೇನು? ಇದೇನು ಸೂತಕದ ಮನಿಯೇನು ಅಣ್ಣಾ?"

ತೊಳೆಯುತ್ತೇನೆಂದು ಬಚ್ಚಲಿಗೆ ಕರೆದುಕೊಂಡು ಹೋಗಿ ಇನ್ನೊಂದು ಪದರ ತೆಳ್ಳಗೆ ಸವರಿ ಕರೆತಂದಳು. ಮಾವ ಸೋತು ಶಿವನನ್ನು ಎಣಿಸಿದ. ಪ್ಲೇಟಿನಿಂದ ಫೋಟೋ ಬಂದಾಗ ಅದರಲ್ಲಿ ನಾನಿರಲಿಲ್ಲ, ಎರಡು ಕಣ್ಣು ಹಚ್ಚಿದ ರೊಟ್ಟಿ ಹಂಚು ಇತ್ತು. ಕುಂಕುಮವೂ ಕಪ್ಪು, ಸೀರೆಯೂ ಕಪ್ಪು.

"ನಿನ್ನ ಪೆಟ್ಟಿಗಿ ಸುಡ್ಲಿ! ಬಂಗಾರದಂಗ ಮಾಡಿ ಕೂಡ್ಸಿದ್ರ ನನ್ನ ಮಗಳನ್ನ ಇದ್ದಲಿ ಮಾಡೇತಿ!"

"ನಮ್ಮ ಪ್ಲೇಟಿಗೆ ಹಳದಿ, ಕೆಂಪು ಕಾಣಂಗಿಲ್ಲ. ಅರಿಷಿಣ ಹಚ್ಚಿದಷ್ಟೂ ಕಪ್ಪು. ಎಷ್ಟು ಸಲ ಹೇಳ್ಲಿ?"

ಲಗ್ನದ ಕಾಲ ಬಂತೆಂದರೆ ಈ ಜಗಳ ಆ ಪಡಸಾಲೆಗೆ ಹೊಸದಲ್ಲ. ಮದುಮಕ್ಕಳ ಅವ್ವಂದಿರೆಲ್ಲ ಮುಖ ಬೆಳ್ಳಗೆ ಬರಲೆಂದೇ ಅರಿಶಿನ ಬಳಿದು ತಂದು, ಕಪ್ಪಾಯಿತೆಂದು ಮಾವನಿಗೆ ಶಾಪ ಹಾಕಿ ಹೋಗುತ್ತಿದ್ದರು.

ಅವ್ವನ ಕಣ್ಣೀರು ನೋಡಲಾಗದೆ ಮಾವ ತನ್ನ ಕೈಚಳಕಕ್ಕೆ ಇಳಿದ. ನನ್ನ ಮುಖ ತೊಳೆಸಿ ಪೌಡರು ಹಚ್ಚಿಸಿದ. ಬೆಳಕೆಲ್ಲ ಎದುರಿನಿಂದ ಬೀಳುವಂತೆ ಬಟ್ಟೆ ಕಟ್ಟಿದ. ಬೇಕಾದ್ದಕ್ಕಿಂತ ಒಂದು ಶಿವ ಹೆಚ್ಚು ಎಣಿಸಿದ. ಆಮೇಲೆ ಪ್ಲೇಟನ್ನು ಬೆಳಕಿಗೆ ಹಿಡಿದು ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಒಂದೊಂದೇ ಕಲೆ ತುಂಬಿದ. ಎರಡು ದಿನದಲ್ಲಿ ನನ್ನ ಮುಖ ತಾಮ್ರದ ತಂಬಿಗೆ ಬೆಳಗಿದಂತಾಯಿತು. ಅವ್ವ ಆ ಫೋಟೋ ಎದೆಗೊತ್ತಿಕೊಂಡಳು.

ನನಗೆ ಗೌರಕ್ಕ ನೆನಪಾದಳು. ಅವಳ ಫೋಟೋಕ್ಕೂ ಇದೇ ಮಾವ ಇದೇ ಪೆನ್ಸಿಲ್ ಆಡಿಸಿದ್ದ. ಆ ಫೋಟೋ ನೋಡಿಯೇ ಲಗ್ನ ಗೊತ್ತಾಗಿತ್ತು. ಹಂದರದಲ್ಲಿ ಸೆರಗು ಸರಿದಾಗ ಗಂಡಿನ ಕಡೆಯ ಹೆಂಗಸರು "ಫೋಟೋದಾಕಿ ಎಲ್ಲಿ?" ಎಂದು ಎದ್ದು ನಿಂತಿದ್ದರು. ಹಿರಿಯರು ಕೈಮುಗಿದು ಕೂರಿಸಿದರು, ಕೊರಳಿಗೆ ತಾಳಿ ಬಿತ್ತು. ಆದರೆ ಆ ಮನೆಯಲ್ಲಿ ಅವಳಿಗೆ ಹೆಸರೇ ಉಳಿಯಲಿಲ್ಲ. ನೀರು ಚೆಲ್ಲಿದರೂ "ಫೋಟೋದಾಕಿ ಆಗಿದ್ರ ಚೆಲ್ತಿದ್ದಿಲ್ಲ", ರೊಟ್ಟಿ ಸೀದರೂ "ಫೋಟೋದಾಕಿ ಆಗಿದ್ರ ಸುಡ್ತಿದ್ದಿಲ್ಲ". ಪಂಚಮಿಗೆ ತವರಿಗೆ ಬಂದಾಗ ನಮ್ಮ ಗೋಡೆಯ ಮೇಲಿದ್ದ ಆ ಫೋಟೋವನ್ನು ಅವಳು ಹಿಂದುಮುಂದಾಗಿ ತಿರುಗಿಸಿ ಹಾಕಿದ್ದಳು. ಇರದ ಹೆಂಗಸೊಬ್ಬಳ ಜೊತೆ ಜೀವನವಿಡೀ ಸವತಿಯಂತೆ ಬಾಳುವುದು ನನಗೆ ಬೇಡವಾಗಿತ್ತು.

ಮಾರನೆಯ ದಿನ ಅವ್ವನೂ ಮಾವನೂ ಸಂತೆಗೆ ಹೋದರು. ನಾನು ಮೇಲಿನ ಗಾಜಿಗೆ ಬಿಳಿ ಬಟ್ಟೆಯನ್ನು ಎರಡು ಪದರ ಎಳೆದೆ, ಮೂಡಣದ ಕಿಟಕಿ ಪೂರ್ತಿ ತೆರೆದೆ. ಬಿಸಿಲು ಜವಳಗೇರಾದ ಹೊಲದಲ್ಲಿ ಬಿದ್ದಂತೆ ಓರೆಯಾಗಿ ಬಿತ್ತು. ಕುರ್ಚಿಯ ಮೇಲೆ ನನ್ನ ತಲೆಯ ಎತ್ತರಕ್ಕೆ ಗಡಿಗೆಯಿಟ್ಟು, ಅದರ ಅಂಚು ನಿಚ್ಚಳ ಕಾಣುವಂತೆ ಕ್ಯಾಮೆರಾ ಹೊಂದಿಸಿ, ಗಡಿಗೆ ತೆಗೆದು ಅದರ ಜಾಗದಲ್ಲಿ ನಾನು ಕೂತೆ. ಮುಚ್ಚಳ ತೆಗೆಯಲು ಅತ್ತೆಯನ್ನು ಕರೆದೆ. ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡೇ ಬಂದಳು.

"ನಿಮ್ಮ ಮಾವ ನನ್ನ ಕೊಲ್ತಾನ ಬೇ."

"ನಾ ಕೊಲ್ಲಿಸ್ಕೋತೀನಿ. ನೀ ಮುಚ್ಚಳ ತಗದು ಶಿವನ ನೆನಿ. ಒಂದ ಸಲ. ಕೂಸಿಗೆ ಜೋಗುಳ ಹಾಡಿದಂಗ ಎಳೀತಿ ನೀ, ನಿನ್ನ ಒಂದು ಮಾವನ ಮೂರರ ಸಮ."

ಅತ್ತೆ ಎಳೆದಳು. ನಾನು ಉಸಿರು ಹಿಡಿದೆ. ಕೆಂಪು ಬೆಳಕಿನಲ್ಲಿ ಪ್ಲೇಟು ಅದ್ದಿದಾಗ ಮೊದಲು ಮೂಗಿನ ದಿಂಡು ಬಂತು, ಆಮೇಲೆ ಕೆನ್ನೆ, ಆಮೇಲೆ ಒಂದೊಂದಾಗಿ ನನ್ನ ಕಲೆಗಳು. ಒಂದೂ ತಪ್ಪಿಸಿಕೊಂಡಿರಲಿಲ್ಲ. ಕಾಗದಕ್ಕಿಳಿಸಿ ನೋಡಿದಾಗ, ಬಡಾಯಿಯಲ್ಲ, ನಾನು ಚೆನ್ನಾಗಿಯೇ ಇದ್ದೆ. ಕಲೆ ಇರುವವಳು ಹೇಗೆ ಚೆನ್ನಾಗಿರಬೇಕೋ ಹಾಗೆ.

ಮದುವೆ ಮಾತು ನಡೆಸುತ್ತಿದ್ದ ಅಯ್ಯನವರು ಫೋಟೋ ಒಯ್ಯಲು ಬಂದ ದಿನ, ಮಾವ ತನ್ನ ನುಣುಪಾದ ಫೋಟೋ ಕೊಟ್ಟ. ನಾನು ಅದರ ಪಕ್ಕ ನನ್ನದನ್ನು ಇಟ್ಟೆ.

"ಅಯ್ಯನೋರ, ಇದನ್ನ ಒಯ್ರಿ. ಅದರಾಗ ಇರಾಕಿ ಯಾರಂತ ನನಗ ಗೊತ್ತಿಲ್ಲ."

ಅವ್ವ ಚೀರಿದಳು. "ನನ್ನ ಹೊಟ್ಟಿ ಯಾಕ ಉರಸ್ತಿಯೇ?"

"ಗೌರಕ್ಕನ ಹೊಟ್ಟಿ ಉರದದ್ದು ಸಾಲ್ದೇನವ್ವಾ?"

ಒಳಗೆ ಹೋಗಿ ಪೆನ್ಸಿಲ್ ಆಡಿಸಿದ ಆ ಪ್ಲೇಟನ್ನು ತಂದು ಎಲ್ಲರ ಎದುರಿಗೆ ನೆಲಕ್ಕೆ ಹಾಕಿದೆ. ಗಾಜು ಚೂರಾಯಿತು. ಮಾವ ಕೈಯೆತ್ತಿದ. ನಾನು ಕೆನ್ನೆ ಕೊಟ್ಟು ನಿಂತೆ. ಎತ್ತಿದ ಕೈ ಅಲ್ಲೇ ನಿಂತಿತು. ಅವನ ಕಣ್ಣು ಅಷ್ಟರಲ್ಲಿ ಮೇಜಿನ ಮೇಲಿನ ನನ್ನ ಫೋಟೋದ ಮೇಲೆ ಬಿದ್ದಿತ್ತು. ಕೈ ಇಳಿಸಿ ಭೂತಗನ್ನಡಿ ತೆಗೆದುಕೊಂಡ. ಬಹಳ ಹೊತ್ತು ನೋಡಿದ.

"ಇದನ್ನ ತಗದವ್ರು ಯಾರು?"

"ನಾ. ಮುಚ್ಚಳ ತಗದಾಕಿ ಅತ್ತಿ."

"ಚಂದ ಐತಿ" ಎಂದ, ನನ್ನ ಕಡೆ ನೋಡದೆ. ಆಮೇಲೆ ಅಯ್ಯನವರಿಗೆ, "ಇದನ್ನ ಒಯ್ರಿ."

"ಇನ್ನೊಂದು ಮಾತು" ಎಂದೆ. "ಹುಡುಗನ್ನೂ ಇದ ಕುರ್ಚಿ ಮ್ಯಾಲ ಕೂಡಸ್ರಿ. ನಾನೂ ಅವರ ಫೋಟೋ ನೋಡಬೇಕು. ನಾನ ತಗೀತೀನಿ."

ಅಯ್ಯನವರು ವಿಭೂತಿಯ ಹಣೆ ಒರೆಸಿಕೊಂಡರು. "ಇಂಥಾ ಮಾತು ನನ್ನ ಜನ್ಮದಾಗ ಒಯ್ದಿಲ್ಲವ್ವ" ಎಂದರೂ ಒಯ್ದರು.

ಮಳೆ ಹಿಡಿಯಿತು. ಮಸ್ಕಿಯಿಂದ ಸುದ್ದಿಯಿಲ್ಲ. ಅವ್ವ ನನ್ನ ಜೊತೆ ಮಾತು ಬಿಟ್ಟು ಸಾಲಗುಂದಕ್ಕೆ ಹೋದಳು. ಹೋಗುವಾಗ ಅತ್ತೆಗೆ ಹೇಳಿದ ಮಾತು ನನಗೆ ಕೇಳಲಿ ಎಂದೇ ಹೇಳಿದ್ದು: "ಇಕಿ ಇನ್ನ ನಿಮ್ಮನಿ ನೀರು ಹೊತಗೊಂತ ಇರ್ಲಿ." ನಾನು ನೀರು ಹೊತ್ತೆ. ಹೆದರಿಕೆ ಇರಲಿಲ್ಲವೆಂದರೆ ಸುಳ್ಳು. ಬಸ್ಸಿನ ಸದ್ದು ಕೇಳಿದಾಗಲೆಲ್ಲ ಕೊಡ ಇಳಿಸಿ ನೋಡುತ್ತಿದ್ದೆ. ಆದರೆ ಆ ಪ್ಲೇಟು ಒಡೆದದ್ದಕ್ಕೆ ಒಂದು ಗಳಿಗೆಯೂ ಮರುಗಲಿಲ್ಲ, ಈಗಲೂ ಇಲ್ಲ.

ಕಡೆಗೆ ಸೋಮವಾರ ಬರುತ್ತೇವೆಂದು ಹೇಳಿಕಳಿಸಿದರು. ಅವ್ವನೂ ಓಡಿಬಂದಳು. ಬಂದವರು ಇಬ್ಬರೇ, ಹುಡುಗ ಮತ್ತು ಅವನ ತಾಯಿ. ತಾಯಿ ದಪ್ಪ ಕಾಸಿನಗಲ ಕುಂಕುಮದ ಹೆಂಗಸು, ಬಂದವಳೇ ನನ್ನ ಫೋಟೋವನ್ನು ಸೆರಗಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಳು. "ಮೊದಲು ನಿನ್ನ ಕೆಲಸ ಮುಗಸು" ಎಂದಳು ನನಗೆ, ಅಷ್ಟೇ.

ಮಾವ ಕರಿಬಟ್ಟೆಯನ್ನು ನನ್ನ ಕೈಗೆ ಕೊಟ್ಟ.

ಹೆಣ್ಣುಮಕ್ಕಳು ಗಂಡನನ್ನು ಮೊದಲು ಅಂತರಪಟದ ಸಂದಿಯಲ್ಲೋ ಬಾಗಿಲ ಮರೆಯಲ್ಲೋ ನೋಡುತ್ತಾರೆ. ನಾನು ಮುಸುಕಿನೊಳಗೆ ತಲೆಕೆಳಗಾಗಿ ನೋಡಿದೆ. ಆ ಪೆಟ್ಟಿಗೆಯ ಗಾಜಿನಲ್ಲಿ ಎಲ್ಲ ಬುಡಮೇಲು. ಕಾಲು ಮೇಲೆ, ರುಮಾಲು ಕೆಳಗೆ, ಜಂತಿಗೆ ಜೋತುಬಿದ್ದ ಬಾವಲಿಯಂತೆ ಅಮರಪ್ಪ. ಹೌದು, ಗಂಡನ ಹೆಸರು ಹಿಡಿದೇ ಬರೆಯುತ್ತೇನೆ. ರುಮಾಲಿನ ಅಂಚಿನ ನೆರಳು ಹಣೆಯಿಂದ ಕಣ್ಣಿನವರೆಗೆ ಬಿದ್ದು ಅರ್ಧ ಮುಖ ಕಾಣುತ್ತಿರಲಿಲ್ಲ.

"ರುಮಾಲು ತಗೀರಿ" ಎಂದೆ ಒಳಗಿನಿಂದ.

ನಮ್ಮ ಕಡೆ ನಾಲ್ಕು ಜನರೆದುರು ಗಂಡಸಿನ ರುಮಾಲು ತೆಗೆಸುವುದೆಂದರೆ ಮಾನ ತೆಗೆದ ಹಾಗೆ. ಅವ್ವ ಕಂಬ ಹಿಡಿದುಕೊಂಡಳು.

"ಗಂಡಸಿನ ರುಮಾಲಿಗೆ ಕೈ ಹಾಕ್ತಿಯೇನ್ ಬೇ?" ತಾಯಿ ಎದ್ದೇಬಿಟ್ಟಳು.

ನಾನು ಮುಸುಕಿನಿಂದ ಹೊರಬಂದೆ. "ನಾ ಸೆರಗು ಸರಿಸಿ ಮಾರಿ ತೋರ್ಸೀನಿ, ಯವ್ವಾ. ರುಮಾಲು ಸೆರಗಿಗಿಂತ ಭಾರೇನು?"

ಅಮರಪ್ಪ ತಾಯಿಯ ಕಡೆ ನೋಡಿದ, ನನ್ನ ಕಡೆ ನೋಡಿದ. ಎರಡೂ ಕೈಯಿಂದ ರುಮಾಲು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಇಪ್ಪತ್ತೈದು ತುಂಬದ ಹುಡುಗನ ನೆತ್ತಿ ಸುಲಿದ ತೆಂಗಿನಕಾಯಿಯಂತೆ ಹೊಳೆಯುತ್ತಿತ್ತು.

"ಇದನ್ನೂ ತಗೀರಿ" ಎಂದ ಮೆಲ್ಲಗೆ. "ಆಮ್ಯಾಲ ಯಾರೂ ಕೇಳಬಾರ್ದು."

ನಾನು ಮುಚ್ಚಳ ತೆಗೆದು ಗಟ್ಟಿಯಾಗಿ "ನಮಃ ಶಿವಾಯ" ಎಂದೆ. ಶಿವನ ಹೆಸರು ಕಿವಿಗೆ ಬಿದ್ದದ್ದೇ ಆ ತಾಯಿ, ಸಿಟ್ಟಿನಲ್ಲಿದ್ದವಳು, ಎದೆಯ ಮೇಲಿನ ಲಿಂಗಕ್ಕೆ ಕೈಯಿಟ್ಟು ಕಣ್ಣು ಮುಚ್ಚಿ ನನ್ನ ಜೊತೆಗೆ ಮಂತ್ರ ಎಳೆಯತೊಡಗಿದಳು. ಅವಳ ರಾಗಕ್ಕೆ ನಾನು ಎಣಿಕೆ ತಪ್ಪದೆ ಮುಚ್ಚಳ ಹಾಕಿದ್ದೇ ಆ ದಿನದ ನನ್ನ ದೊಡ್ಡ ಸಾಹಸ.

ಪ್ಲೇಟು ಒಣಗಿದ ಮೇಲೆ ಕಾಗದಕ್ಕೆ ಇಳಿಸಲು ಬಿಸಿಲು ಬೇಕು, ಹೊರಗೆ ಮೋಡ. ಎಲ್ಲರೂ ಅತ್ತೆ ಕೊಟ್ಟ ಮಂಡಕ್ಕಿ ತಿನ್ನುತ್ತ ಆಕಾಶ ನೋಡುತ್ತ ಕೂತೆವು. ಇಳಿಹೊತ್ತಿಗೆ ಮೋಡ ಬಿರಿಯಿತು. ನಾನು ಪ್ಲೇಟು, ಕಾಗದ ಜೋಡಿಸಿದ ಚೌಕಟ್ಟು ಹಿಡಿದು ಅಂಗಳಕ್ಕೆ ಓಡಿದೆ.

ತಾಯಿ ಎರಡೂ ಫೋಟೋಗಳನ್ನು ಹೊರಸಿನ ಮೇಲೆ ಜೋಡಿಸಿದಳು. ಮಗನ ನೆತ್ತಿ ನೋಡಿದಳು, ನನ್ನ ಕೆನ್ನೆ ನೋಡಿದಳು. ಆಮೇಲೆ ನನ್ನ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ, ಫೋಟೋವನ್ನು ಪಕ್ಕಕ್ಕೆ ಹಿಡಿದು, ಅಕ್ಕಿಯಲ್ಲಿ ಹರಳು ಆರಿಸುವವಳಂತೆ ನಿಧಾನಕ್ಕೆ ನೋಡಿದಳು. ಅವ್ವನ ಉಸಿರು ನನಗೆ ಕೇಳುತ್ತಿತ್ತು.

"ಬೀಗತಿ" ಎಂದಳು ಅವ್ವನ ಕಡೆ ತಿರುಗಿ, "ಎಲಿ ಅಡಿಕಿ ತರ್ರಿ."

ಅವ್ವ ಎಲೆಯಡಿಕೆ ತರಲು ಹೋದವಳು ಅಡುಗೆಮನೆಯ ಗೋಡೆಗೆ ಆತು ಅತ್ತಳು. ಮಾವ ಹೊರಗೆ ಹೋಗಿ ಸುಮ್ಮನೆ ಮೂಗು ಒರೆಸಿಕೊಂಡ. ನಾನೂ ಸುಮ್ಮನಿರಬಹುದಾಗಿತ್ತು. ಆದರೆ ಇಷ್ಟು ದಿನ ಕೊಡ ಹೊತ್ತು ಕಾದವಳಿಗೆ ಬಾಯಿ ಎಲ್ಲಿ ನಿಲ್ಲುತ್ತದೆ?

"ಇನ್ನೊಂದು ಸಲ ಸರಿಯಾಗಿ ನೋಡ್ಕೋರಿ ಯವ್ವಾ. ನಾಳಿ ಹಂದರದಾಗ ಫೋಟೋದಾಕಿ ಬ್ಯಾರೆ, ಇಕಿ ಬ್ಯಾರೆ ಅಂತ ಎದ್ದು ನಿಂದರಬ್ಯಾಡ್ರಿ" ಎಂದೆ.

ನನ್ನ ಅತ್ತೆಯಾಗಲಿದ್ದವಳು ಫೋಟೋವನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಳ್ಳುತ್ತ ಅಂದಳು:

"ಮಾರಿ ಮ್ಯಾಲಿನ ಕಲಿ ಒಂದೂ ಬಿಡದಂಗ ತೋರಿಸಿದಿ, ಖರೆ. ಇಷ್ಟುದ್ದ ನಾಲಿಗಿ ಐತಂತ ಮಾತ್ರ ಎಲ್ಲೂ ಕಾಣಲಿಲ್ಲಲ್ಲ ಬೇ!"